ಸೀಕ್ವೆಲ್ ನೋಡೋಕೂ ಹೋಮ್‌ವರ್ಕ್ ಬೇಕಾ?

2019ರ 'ಕ್ಯಾಪ್ಟನ್ ಮಾರ್ವೆಲ್' ಜಗತ್ತಿನಾದ್ಯಂತ 110 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತ್ತು. 2023ರಲ್ಲಿ ಬಂದ ಅದರ ಸೀಕ್ವೆಲ್ 'ದಿ ಮಾರ್ವೆಲ್ಸ್' ಸುಮಾರು 20 ಕೋಟಿಗೇ ನಿಂತುಹೋಯ್ತು. ಹಾಲಿವುಡ್ ನಟರ ಮುಷ್ಕರದಿಂದ ಪ್ರಚಾರ ಸೊರಗಿದ್ದು ನಿಜ. ಆದ್ರೆ ನನಗೆ ಕಾಣೋ ದೊಡ್ಡ ಕಾರಣ ಡಿಪೆಂಡೆನ್ಸಿ. ಮೋನಿಕಾಗೆ ಶಕ್ತಿ ಬಂದಿದ್ದು 'ವಾಂಡಾವಿಷನ್'ನಲ್ಲಿ, ಕಮಲಾ ಪರಿಚಯವಾಗಿದ್ದು 'ಮಿಸ್ ಮಾರ್ವೆಲ್'ನಲ್ಲಿ. ಎರಡೂ ಒಟಿಟಿ ಸರಣಿಗಳು. ಎರಡು ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದ್ರೇನೇ ಆ್ಯಪ್ ಅರ್ಥ ಆಗೋದು ಅಂದ್ರೆ ಯಾರು ತಾನೇ ತೆರೀತಾರೆ?

ಹಾಗಂತ ಜನ ಥಿಯೇಟರ್ ಬಿಟ್ಟಿಲ್ಲ. 2024ರ 'ಡೆಡ್‌ಪೂಲ್ ಅಂಡ್ ವೊಲ್ವರಿನ್' 130 ಕೋಟಿ ಡಾಲರ್ ದಾಟಿತು. 2000ನೇ ಇಸವಿಯಿಂದ ನೋಡಿದ ಹ್ಯೂ ಜಾಕ್‌ಮನ್‌ಗಾಗಿಯೇ ಎಷ್ಟೋ ಜನ ಹೋದ್ರು.

ಕಾದ್ರೆ ಮನೇಲೇ ಸಿಗೋ ಸಿನಿಮಾಗೆ ಟಿಕೆಟ್, ಪಾಪ್‌ಕಾರ್ನ್, ಕ್ಯಾಬ್ ಅಂತ ದುಡ್ಡು ಸುರಿಯೋ ಮುಂಚೆ ಪ್ರೇಕ್ಷಕ ಈಗ ಕೇಳೋ ಪ್ರಶ್ನೆ ಒಂದೇ: ಇದನ್ನ ಇವತ್ತೇ ಯಾಕೆ ನೋಡಬೇಕು? ಹೆಸರಿನ ಮುಂದೆ ಬರೀ '2' ಅಂತ ಹಾಕಿದ್ರೆ ಅದು ಉತ್ತರ ಆಗಲ್ಲ.