ಹಳೆ ಲ್ಯಾಪ್‌ಟಾಪಿಗೆ ಅಸಲಿ ವಿಂಡೋಸ್

ಮಗಳ ಓದಿಗೆ, ಹತ್ತಿ-ಭತ್ತದ ಲೆಕ್ಕಕ್ಕೆ ಅಂತ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ವಡಗೇರಾಕ್ಕೆ ಬಂದು ನೋಡಿದರೆ ಆಂಟಿವೈರಸ್ ಬಂದ್, ಒಳಗೆ ‘ಕ್ರ್ಯಾಕ್’ ಫೈಲು. ಅಂಗಡಿಯಾತ ಕಳ್ಳ ವಿಂಡೋಸ್ ಹಾಕಿದ್ದ. ಅದರಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದೆಂದರೆ ಬೆಳೆ ನಿಂತ ಹೊಲದ ಬೇಲಿ ಕಿತ್ತಂಗೆ.

ಹೊಸ ಲೈಸೆನ್ಸ್ ಕೊಳ್ಳಬೇಕಾಗಲಿಲ್ಲ. ಕಂಪನಿಯಿಂದ ವಿಂಡೋಸ್ 10 ಸಮೇತ ಬಂದ ಲ್ಯಾಪ್‌ಟಾಪುಗಳ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಗೆಳೆಯರ ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್ ವೆಬ್‌ಸೈಟಿನಿಂದಲೇ 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸ್ 11 ಇಳಿಸಿದೆ. ಡಿಸ್ಕ್ ಪೂರ್ತಿ ಅಳಿಸಿ ಹಾಕಿದೆ. ಕೀ ಕೇಳಲೇ ಇಲ್ಲ. ನೆಟ್ ಸಿಕ್ಕ ಕೂಡಲೇ ಆಕ್ಟಿವೇಟ್ ಆಯಿತು.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11ಕ್ಕೆ ಟಿಪಿಎಂ 2.0 ಬೇಕು. ಅದಿಲ್ಲದ ಹಳೆ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ; ಪುಕ್ಕಟೆ, ಕಳ್ಳತನವೂ ಅಲ್ಲ. ದುಡ್ಡು ಕೊಡುವ ಮುನ್ನ, ಇದು ಮೊದಲು ಯಾವ ವಿಂಡೋಸ್ ಜೊತೆ ಬಂದದ್ದೆಂದು ಕೇಳಿಕೊಳ್ಳಿ.