ಹೊಟ್ಟೆ ತೆರೆಯುವ ಮುನ್ನ

ರಸ್ತೆಯಲ್ಲಿ ಬಿದ್ದು ಬಂದವರ ಕಥೆ ಅರ್ಧ ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ನಡುರಾತ್ರಿ ಹೊಟ್ಟೆ ಹಿಡಿದುಕೊಂಡು ಬಂದವರದು ಹಾಗಲ್ಲ. ಅಪೆಂಡಿಕ್ಸ್ ಇರಬಹುದು, ಹುಣ್ಣಾಗಿ ತೂತುಬಿದ್ದ ಜಠರ ಇರಬಹುದು, ಕಿಡ್ನಿ ಕಲ್ಲೂ ಇರಬಹುದು. ಹೃದಯಾಘಾತವೇ ಹೊಟ್ಟೆನೋವಿನ ರೂಪದಲ್ಲಿ ಬರುವುದುಂಟು. ಕತ್ತಿ ಹಿಡಿಯುವುದಕ್ಕಿಂತ ಈ ಗೊಂದಲ ಬಿಡಿಸುವುದನ್ನು ಕಲಿಯುವುದೇ ಕಷ್ಟ.

ಎಂಬಿಬಿಎಸ್ ಮುಗಿಸಿ ಜನರಲ್ ಸರ್ಜರಿ ಎಂ.ಎಸ್. ಸೇರಿದವರಿಗೆ ಇದಕ್ಕೆ ಸಿಗುವುದು 3 ವರ್ಷ. ಕಲಿಕೆ ನಡೆಯುವುದು ಹೆಚ್ಚಾಗಿ ಯೂನಿಟ್ಟಿನ ಡ್ಯೂಟಿ ರಾತ್ರಿಗಳಲ್ಲಿ.

ಮೊದಲ ಪಾಠ ಕೈಯದು. ನೋವಿಲ್ಲದ ಕಡೆಯಿಂದ ಮೆಲ್ಲಗೆ ಒತ್ತುತ್ತಾ ಬರಬೇಕು, ಕಣ್ಣು ರೋಗಿಯ ಮುಖದ ಮೇಲಿರಬೇಕು. ಸೀರೆ, ಪಂಚೆ ಸರಿಸಿ ತೊಡೆಸಂದು ನೋಡಲೇಬೇಕು; ಕರುಳು ಸಿಕ್ಕಿಕೊಂಡ ಹರ್ನಿಯಾ ಕಣ್ತಪ್ಪುವುದು ಅಲ್ಲೇ. ಹಲಗೆಯಂತೆ ಬಿಗಿದ ಹೊಟ್ಟೆ, ಕೂರಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಗಾಳಿ: ಇವೆರಡೂ ಕಂಡರೆ ಎಲ್ಲೋ ತೂತುಬಿದ್ದಿದೆ ಎಂದೇ ಲೆಕ್ಕ. ಅಪೆಂಡಿಕ್ಸಿನ ಅನುಮಾನ ತೂಗಲು 1986ರಲ್ಲಿ ಅಲ್ವರಾಡೊ ಕೊಟ್ಟ 10 ಅಂಕಗಳ ಲೆಕ್ಕವಿದೆ.

ಆದರೆ ಅಂಕಕ್ಕೂ ಸಿಗದ ಹೊಟ್ಟೆಗಳಿವೆ. ಆಗ ಮಾಡಬೇಕಾದ್ದು ಕಾಯುವುದು. ಕಾಯುವುದೆಂದರೆ ಬಿಟ್ಟು ಮಲಗುವುದಲ್ಲ. ಕೆಲವು ಗಂಟೆ ಕಳೆದು ಅದೇ ವೈದ್ಯರು ಬಂದು ಅದೇ ಹೊಟ್ಟೆಯನ್ನು ಮತ್ತೆ ಮುಟ್ಟಿ ನೋಡುವುದು. ನೋವು ಜಾಗ ಬದಲಿಸಿತೇ, ನಾಡಿ ಏರಿತೇ? ಪಾಳಿ ಬದಲಾಗಿ ಕೈ ಬದಲಾದರೆ ಈ ಹೋಲಿಕೆಯೇ ಕಳೆದುಹೋಗುತ್ತದೆ. ನೋವಿನ ಮದ್ದು ಕೊಟ್ಟರೆ ರೋಗ ಮರೆಯಾಗುತ್ತದೆಂಬ ಹಳೆಯ ಭಯವನ್ನೂ ಬಿಡಬೇಕು. ಮದ್ದು ಕೊಟ್ಟೇ ಪರೀಕ್ಷಿಸಬಹುದು. ನರಳುತ್ತಿರುವವರನ್ನು ಹಾಗೇ ಬಿಡುವುದು ತಪ್ಪು.

ಓಟಿಗೆ ಒಯ್ಯುವ ಮುನ್ನ ಡ್ರಿಪ್, ಆ್ಯಂಟಿಬಯೋಟಿಕ್, ಮೂಗಿನ ಕೊಳವೆ, ಮೂತ್ರದ ಅಳತೆ. ಒಣಗಿ ಸೋತ ದೇಹ ಅರಿವಳಿಕೆಯನ್ನು ತಾಳದು.

ಒಳಗೆ ಮೊದಲು ರಿಟ್ರ್ಯಾಕ್ಟರ್ ಹಿಡಿಯುವ ಕೆಲಸ, ಆಮೇಲೆ ಚರ್ಮದ ಹೊಲಿಗೆ, ಆಮೇಲೆ ಹಿರಿಯರ ಕಣ್ಣೆದುರು ಅಪೆಂಡಿಕ್ಸ್. ಜಠರದ ತೂತಿಗೆ ಒಮೆಂಟಮ್ಮಿನ ಕೊಬ್ಬಿನ ತೇಪೆ ಹಾಕುತ್ತಾರೆ. ಟೊರೊಂಟೊದ ರೋಸ್ಕೋ ಗ್ರಹಾಂ 1937ರಲ್ಲಿ ವಿವರಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕಪ್ಪಿಟ್ಟ ಕರುಳನ್ನು ಕಂಡೊಡನೆ ಕತ್ತರಿಸಬಾರದು. ಬಿಸಿ ಸಲೈನಿನಲ್ಲಿ ನೆನೆದ ಬಟ್ಟೆ ಸುತ್ತಿ ಕೆಲವು ನಿಮಿಷ ಕಾಯುತ್ತಾರೆ. ಕೆಂಪು ಮರಳಿ ಕರುಳು ಮಿಸುಕಿದರೆ ಉಳಿಯಿತು.

ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಪಿ.ಜಿ.ಗಳು 3 ತಿಂಗಳು ಜಿಲ್ಲೆಯ ಆಸ್ಪತ್ರೆ ವ್ಯವಸ್ಥೆಯಲ್ಲಿ ದುಡಿಯಬೇಕು. ಲಾಗ್‌ಬುಕ್ಕಿನಲ್ಲಿ ಮಾಡಿದ ಆಪರೇಷನ್ನುಗಳ ಲೆಕ್ಕವಿರುತ್ತದೆ. ಮಾಡದೆ ಬಿಟ್ಟದ್ದು ಯಾಕೆ ಎಂಬುದನ್ನೂ ಅಲ್ಲಿ ಬರೆಸಬೇಕೆಂದು ನನ್ನ ಒತ್ತಾಯ.

ಇನ್ನೊಂದನ್ನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಬೆಳಗಿನ ಜಾವ ಎರಡಕ್ಕೆ, ಓಟಿ ಬಾಗಿಲಲ್ಲಿ, ಸಹಿ ಹಾಕಲು ನಿಂತ ಮಗನಿಗೆ ಹೇಳುವ ಮಾತು ಅದು: “ಕರುಳು ಕೆಟ್ಟಿದ್ದರೆ ಅಮ್ಮನಿಗೆ ಸ್ವಲ್ಪ ದಿನ ಹೊಟ್ಟೆ ಮೇಲಿನ ಚೀಲಕ್ಕೆ ಮಲ ಬರೋ ಹಾಗೆ ಮಾಡಬೇಕಾಗಬಹುದು. ಕೂತ್ಕೊಳ್ಳಿ, ಬಿಡಿಸಿ ಹೇಳ್ತೀನಿ.”