ಕಾರಖಾನೆಯೊಳಗಿನ ಹೊಸ ಪಾಠ

ಸೇಡಂ ತಾಲೂಕಿನ ಆಡಕಿಯ ಕಡೆಯ, ನಮಗೆ ಪರಿಚಯದ ಮನೆಯೊಂದರ ಮಗಳು ಸಿಮೆಂಟು ಕಾರಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಸಂಜೆ ನಾವು ಅವರಲ್ಲಿಗೆ ಹೋಗಿದ್ದಾಗ ತಾಯಿಯು ಎಂದಿನಂತೆ ಈ ದಿನ ಏನು ಕೆಲಸವಾಯಿತೆಂದು ಕೇಳಿದಳು. “ಇವತ್ತ ಕೆಲಸ ಇರಲಿಲ್ಲವ್ವಾ, ಎಲ್ಲಾರೂ ಒಂದೇ ಅಂತ ಕಲಿಸಿದ್ರು,” ಎಂದು ಮಗಳು ಹೇಳಿದಳು. “ಅದನ್ನ ಕಲಿಸಲಿಕ್ಕೆ ಪಗಾರ ಕೊಟ್ಟು ಕೂಡಸಬೇಕೇನು?” ಎಂದಳು ತಾಯಿ. ಆಗ ನಾವೆಲ್ಲರೂ ನಕ್ಕೆವಾದರೂ ಆ ಪ್ರಶ್ನೆಯು ನಮ್ಮ ಬೆನ್ನು ಬಿಡಲಿಲ್ಲ. ಆ ಬಳಿಕ ಕೆಲವು ತಿಂಗಳು ಈ ಸೀಮೆಯಲ್ಲಿ ದುಡಿಯುವವರನ್ನು ಕಂಡಲ್ಲಿ ಇದೇ ಮಾತನ್ನು ತೆಗೆದು ಕೇಳುತ್ತ ಬಂದೆವು. ‘ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ತರಬೇತಿ’ ಎಂಬುದು ಈ ಪಾಠದ ಪೂರ್ಣ ಹೆಸರು. ಕೆಲಸಗಾರರು ಮಾತ್ರ ‘ಟ್ರೇನಿಂಗು’ ಎಂದು ಕರೆದು ಮುಗಿಸುತ್ತಾರೆ.

ಈ ಪಾಠಕ್ಕೆ ನಮ್ಮ ಸೀಮೆಗಿಂತ ಯೋಗ್ಯವಾದ ಸ್ಥಳವು ಸಿಗಲಾರದು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. 1936ರಲ್ಲಿ ಹಲವು ಸಿಮೆಂಟು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅವುಗಳಲ್ಲಿ ಶಹಾಬಾದದ ಕಂಪನಿಯೂ ಒಂದಾಗಿತ್ತು. 1968ರಲ್ಲಿ ವಾಡಿಯ ಕಾರಖಾನೆಯೂ, ಮುಂದೆ ಸೇಡಂ ಮಳಖೇಡಗಳವೂ ಎದ್ದವು. ಕಲ್ಲಿನ ಬೆನ್ನು ಹತ್ತಿ ಜನರು ಬಂದರು. ಒಂದೇ ಪಾಳಿಯಲ್ಲಿ ಊರವರ ಕನ್ನಡ, ಪೇಟೆಯ ಉರ್ದು, ಗಡಿಯಾಚೆಯ ತೆಲುಗು, ತಾಂಡಾದ ಲಂಬಾಣಿ, ದೂರದ ಬಿಹಾರದಿಂದ ಬಂದವರ ಹಿಂದಿ ಇವೆಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟು ಜನರು ಒಂದೇ ಧೂಳನ್ನು ಕುಡಿದು ಬದುಕುವಾಗ ಒಬ್ಬರನ್ನೊಬ್ಬರು ಅರಿತಿರುತ್ತಾರೆಂದು ಹೊರಗಿನವರು ಊಹಿಸಬಹುದು. ಬುತ್ತಿ ಬಿಚ್ಚುವ ಹೊತ್ತಿಗೆ ಯಾರು ಯಾರ ಪಕ್ಕಕ್ಕೆ ಕುಳಿತರೆಂಬುದನ್ನು ನೋಡಿದವರು ಹಾಗೆ ಊಹಿಸಲಿಕ್ಕಿಲ್ಲ.

ನಾವು ಹೆಸರಿಸಲೊಲ್ಲದ ಒಂದು ಕಾರಖಾನೆಯಲ್ಲಿ ನಡೆದ ಪಾಠದ ಸುದ್ದಿಯನ್ನು ಮೂವರ ಬಾಯಿಂದ ಕೇಳಿದೆವು. ಬೋಧಕಿಯು ದೊಡ್ಡ ಪಟ್ಟಣದಿಂದ ಬಂದವಳು. ಇಂಗ್ಲೀಷು ಹಿಂದಿಗಳನ್ನು ಬೆರೆಸಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಮೂರು ತಾಸು ಮಾತಾಡಿದಳು. ಸಹಿಯ ಪುಸ್ತಕವು ಕೈಯಿಂದ ಕೈಗೆ ಹೋಯಿತು. ಬಾರದ ಗೆಳೆಯರ ಸಹಿಗಳೂ ಅದರಲ್ಲಿ ಬಿದ್ದವು. “ಖರೇ ಹೇಳ್ತೀನ್ರಿ, ನನಗ ನಿದ್ದಿ ಬಂತು,” ಎಂದನು ನಿವೃತ್ತಿಯ ಸಮೀಪಕ್ಕೆ ಬಂದ ಒಬ್ಬ ಫಿಟ್ಟರ.

ಆದರೆ ಅದೇ ಫಿಟ್ಟರನು ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದನು. ಅವನ ಕೈಕೆಳಗಿನ ಸಹಾಯಕನೊಬ್ಬನ ಕಾಲು ಸರಿಯಿಲ್ಲ. “ಇಪ್ಪತ್ತು ವರ್ಸ ಅವಗ ಕುಂಟ ಕುಂಟ ಅಂತೇ ಕರದೀವ್ರಿ. ಆ ಬಾಯಾರು, ನಿಮ್ಮ ಜೋಡಿ ಕೆಲಸ ಮಾಡಾವರ ಹೆಸರು ಬರೀರಿ ಅಂದ್ರು. ಬರೀಲಿಕ್ಕೆ ಹೋದ್ರ ಅವನ ಹೆಸರೇ ನೆನಪಾಗವಲ್ದು.” ಮರುದಿನ ಅವನು ಹಾಜರಿಯ ಗುಮಾಸ್ತನಲ್ಲಿಗೆ ಹೋಗಿ ಗುಟ್ಟಾಗಿ ಆ ಹೆಸರನ್ನು ಕೇಳಿಕೊಂಡು ಬಂದನಂತೆ. ಮೂರು ತಾಸಿನಲ್ಲಿ ನಿದ್ದೆಗೆ ಹೋದ ಭಾಗವನ್ನು ಕಳೆದರೂ ಇಷ್ಟು ಉಳಿಯಿತು.

ಇನ್ನೊಬ್ಬನ ಅನುಭವವು ಬೇರೆಯಾಗಿದೆ. ಚಿಂಚೋಳಿಯ ಕಡೆಯ ತಾಂಡಾದಿಂದ ಬಂದು ಐಟಿಐ ಮುಗಿಸಿದ ತರುಣನವನು. ಬೋಧಕಿಯು ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಆಟವೊಂದನ್ನು ಆಡಿಸಿದಳು. ನಿಮ್ಮ ತಂದೆ ಓದಿದವರಾಗಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿರಿ. ಮನೆಯಲ್ಲಿ ಪುಸ್ತಕಗಳಿದ್ದರೆ ಒಂದು ಹೆಜ್ಜೆ. ಹೆಸರಿನಿಂದ ಜಾತಿಯನ್ನು ಊಹಿಸುವರೆಂಬ ಅಂಜಿಕೆ ಇಲ್ಲದಿದ್ದರೆ ಒಂದು ಹೆಜ್ಜೆ. ಅನುಕೂಲವಿದ್ದವರು ತಮ್ಮ ಅನುಕೂಲವನ್ನು ಕಣ್ಣಾರೆ ಕಾಣಲೆಂಬುದೇ ಈ ಆಟದ ಉದ್ದೇಶ. ಅದು ಅಮೇರಿಕೆಯಿಂದ ಬಂದದ್ದು. “ಎಲ್ಲಾರೂ ಮುಂದ ಹೋದ್ರು. ನಾ ಗ್ವಾಡಿಗೆ ಹತ್ತಿ ನಿಂತೆ. ಅಲ್ಲೀತನಕ ನಾ ಯಾವ ಜಾತಿಯಾಂವ ಅಂತ ಅರ್ಧ ಮಂದಿಗೆ ಗೊತ್ತಿರಲಿಲ್ರಿ. ಅವತ್ತ ಗೊತ್ತಾತು,” ಎಂದನವನು. ಊಟದ ಹೊತ್ತಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನದಿರುವದೇ ಅವನಿಗೆ ಹೆಚ್ಚು ಕೇಳಿಸಿತು. ಯಾರ ನೋವನ್ನು ಕಳೆಯಲೆಂದು ಪಾಠವನ್ನು ಏರ್ಪಡಿಸಿದರೋ ಅವನೇ ಆ ದಿನ ಉಳಿದವರಿಗೆ ಪಾಠದ ವಸ್ತುವಾದನು. ಬೋಧಕಿಗೆ ಕೆಟ್ಟ ಮನಸ್ಸಿತ್ತೆಂದು ನಾವು ಹೇಳುವದಿಲ್ಲ. ಆಕೆಯು ಸಂಜೆಯ ಗಾಡಿಗೆ ವಾಡಿಯಲ್ಲಿ ಹತ್ತಿ ಹೊರಟುಹೋದಳು, ಈತನು ಮರುದಿನವೂ ಅದೇ ಪಾಳಿಗೆ ಬರಬೇಕಾಗಿತ್ತು.

ಕಡ್ಡಾಯದ ಪಾಠವು ತಿರುಗಿ ಬಡಿಯುವದು ನಮ್ಮಲ್ಲಿ ಮಾತ್ರವಲ್ಲ. ಫ್ರ್ಯಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಎಂಬ ಸಮಾಜಶಾಸ್ತ್ರಜ್ಞರು ಅಮೇರಿಕೆಯ 800ಕ್ಕೂ ಹೆಚ್ಚು ಸಂಸ್ಥೆಗಳ ಮೂರು ದಶಕಗಳ ಲೆಕ್ಕವನ್ನು ಪರಿಶೀಲಿಸಿ 2016ರಲ್ಲಿ ಬರೆದರು: ಮೇಲಧಿಕಾರಿಗಳಿಗೆ ಇಂಥ ಪಾಠವನ್ನು ಕಡ್ಡಾಯ ಮಾಡಿ ಐದು ವರುಷಗಳಾದ ಮೇಲೂ ಮೇಲಿನ ಹುದ್ದೆಗಳಲ್ಲಿ ಬಿಳಿಯ ಹೆಂಗಸರ, ಕರಿಯ ಗಂಡಸರ ಪ್ರಮಾಣವು ಹೆಚ್ಚಲಿಲ್ಲ, ಕರಿಯ ಹೆಂಗಸರದು ಇಳಿಯಿತು. ತಾವಾಗಿ ಬಂದು ಕಲಿತಲ್ಲಿ, ಹಿರಿಯನೊಬ್ಬನು ಹೊಸಬನ ಕೈ ಹಿಡಿದು ನಡೆಸಿದಲ್ಲಿ ಫಲ ಕಂಡಿತು. ಇದು ನಮ್ಮ ಹಳೆಯ ಉಸ್ತಾದ-ಶಾಗಿರ್ದರ ಪದ್ಧತಿಗೆ ದೂರದ್ದಲ್ಲ.

ಹೆಂಗಸರ ಮಟ್ಟಿಗೆ ಈ ಪಾಠವು ಧಣಿಗಳ ಔದಾರ್ಯವಲ್ಲ, ಕಾನೂನು. ಸುಪ್ರೀಂ ಕೋರ್ಟು 1997ರ ವಿಶಾಖಾ ತೀರ್ಪಿನಲ್ಲಿ ಹಾಕಿಕೊಟ್ಟ ದಾರಿಯಲ್ಲಿಯೇ 2013ರಲ್ಲಿ ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆಯು ಬಂದಿತು. ಹತ್ತು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕೆ ಹೆಂಗಸೇ ಅಧ್ಯಕ್ಷಳು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು, ಹೊರಗಿನವರೊಬ್ಬರು. ದೂರನ್ನು ಮೂರು ತಿಂಗಳೊಳಗೆ ಕೊಡತಕ್ಕದ್ದು, ವಿಚಾರಣೆಯನ್ನು 90 ದಿನಗಳಲ್ಲಿ ಮುಗಿಸತಕ್ಕದ್ದು. ಹತ್ತಕ್ಕೆ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕಾಲಕಾಲಕ್ಕೆ ತಿಳಿವಳಿಕೆಯ ಪಾಠ ನಡೆಸುವದೂ ಧಣಿಯ ಹೊಣೆಯೇ. ಮನೆಯ ಹೆಣ್ಣುಮಗಳು ಕೆಲಸಕ್ಕೆ ಹೊರಟಿದ್ದರೆ ಗೃಹಸ್ಥರು ಇದನ್ನು ಮಗಳಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ಗಂಡುಮಗನಿಗೆ ತಿಳಿಸಿದರೆ ಇನ್ನೂ ಒಳ್ಳೆಯದು.

ಈ ಕಾಯಿದೆಯು ಗುತ್ತಿಗೆಯವರನ್ನೂ ದಿನಗೂಲಿಯವರನ್ನೂ ನೌಕರರೆಂದೇ ಎಣಿಸುತ್ತದೆ. ಆದರೆ ಪಾಠ ನಡೆದ ಆ ಸಭಾಗೃಹವನ್ನು ಬೆಳಿಗ್ಗೆ ಗುಡಿಸಿದ, ಬಳಿಕ ಚಹದ ಬಟ್ಟಲುಗಳನ್ನು ತೊಳೆದ ನಾಲ್ವರು ಹೆಂಗಸರು ಬಾಗಿಲ ಹೊರಗೇ ಇದ್ದರು. “ನಮಗ್ಯಾರು ಕರದಾರ್ರೀ? ಒಳಗ ಹೆಣ್ಣಮಕ್ಕಳ ಮಾತ ನಡದಾದ ಅಂತ ಕೇಳಿದ್ವಿ,” ಎಂದು ಅವರಲ್ಲೊಬ್ಬಳು ನಮಗೆ ಹೇಳಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿ ನಮಗೇ ನಾಚಿಕೆಯಾಯಿತು.

ಈ ವಿಚಾರದಲ್ಲಿರುವಾಗಲೇ ನಾವು ಸನ್ನತಿಗೆ ಹೋದೆವು. ಚಿತ್ತಾಪುರ ತಾಲೂಕಿನ ಈ ಭೀಮಾತೀರದ ಊರಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನವು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದಿತು. ಪರರ ಮತವನ್ನು ಹಳಿಯದೆ ಮಾತಿನಲ್ಲಿ ಹಿಡಿತವಿಡಬೇಕೆಂಬ ಹನ್ನೆರಡನೆಯ ಶಾಸನವೂ, ಅಧಿಕಾರಿಗಳನ್ನೇ ಕುರಿತ ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಇವೇ ಪ್ರತ್ಯೇಕ ಶಾಸನಗಳು ಕಳಿಂಗದ ಧೌಲಿ, ಜೌಗಡಗಳಲ್ಲಿ ಹೆಚ್ಚು ಪೂರ್ಣವಾಗಿ ಉಳಿದಿವೆ. ಅಲ್ಲಿ ಅರಸನು, ಮತ್ಸರ, ಕೋಪ, ನಿಷ್ಠುರತೆ, ಅವಸರ, ಸೋಮಾರಿತನ, ದಣಿವುಗಳಿಂದ ಅಧಿಕಾರಿಯ ನಿಷ್ಪಕ್ಷಪಾತವು ಕೆಡುತ್ತದೆಂದು ಎಚ್ಚರಿಸಿ, ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಮಾತನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂದು ಕಟ್ಟಳೆ ಮಾಡಿದ್ದಾನೆ. ದಣಿವನ್ನೂ ಆ ಪಟ್ಟಿಗೆ ಸೇರಿಸಿದವನು ಕಚೇರಿಯ ಕೆಲಸವನ್ನು ಬಲ್ಲವನೇ ಸರಿ. ಪಾಠವು ಕೂಲಿಗಳಿಗಲ್ಲ, ಮೊದಲು ಮೇಲಿನವರಿಗೆ ಎಂಬುದನ್ನು ನಮ್ಮ ಕಾರಖಾನೆಗಳ ಯಜಮಾನರು ಅಲ್ಲಿಗೆ ಹೋಗಿ ನೋಡಬಹುದು. ವಾಡಿಯಿಂದ ಬಹಳ ದೂರವೇನಲ್ಲ.

ಪ್ರಯೋಗಶಾಲೆಯ ಆ ಹುಡುಗಿಯು ಮುಂದೆ ಆಂತರಿಕ ಸಮಿತಿಗೆ ಸೇರಿದಳು. ಎರಡನೆಯ ವರುಷ ಹೊರಗಿನ ಬೋಧಕರನ್ನು ಕರೆಯದೆ, ಗುತ್ತಿಗೆಯ ಹೆಂಗಸರನ್ನು ಚೀಲ ತುಂಬುವ ವಿಭಾಗದ ನೆರಳಿನಲ್ಲಿ ಕೂಡಿಸಿ ತಾನೇ ಕನ್ನಡದಲ್ಲಿ ಮಾತಾಡಿದಳು. ಒಬ್ಬಾಕೆಗೆ ಲಂಬಾಣಿಯಲ್ಲಿ ಮಗ್ಗುಲಿನವಳು ತಿಳಿಸಿ ಹೇಳಿದಳು. ಕಾಯಿದೆಯ ಮಾತೆಲ್ಲ ಮುಗಿದ ಮೇಲೆ ಏನಾದರೂ ಕೇಳುವದಿದೆಯೇ ಎಂದಾಗ ಬಹಳ ಹೊತ್ತು ಯಾರೂ ಬಾಯಿ ತೆರೆಯಲಿಲ್ಲ. ಕೊನೆಗೆ ಗುಡಿಸುವ ಹೆಂಗಸು, “ಹೆಣ್ಣಮಕ್ಕಳ ಪಾಯಖಾನಿ ಕೀಲಿಕೈ ಗಂಡಸ ವಾಚಮನ್ನನ ಕಡೀ ಅದರಿ. ಪ್ರತಿ ಸಲ ಕೇಳಬೇಕ್ರಿ. ಅಂವ ನಗ್ತಾನ,” ಎಂದಳು.

ಆ ಸಂಜೆಯೇ ಕೀಲಿಕೈ ಅವಳ ಸೆರಗಿನ ಗಂಟಿಗೆ ಬಂದಿತು.